ತೊಟ್ಟಿಲ ಹಗ್ಗ ಎಲ್ಲಿ ಹೋಯಿತು?

ಕಳೆದ ಶ್ರಾವಣದ ಒಂದು ಸಂಜೆಯ ಮಾತು. ಬಜಾರದಲ್ಲಿ ಪಾಟಿ, ಪೆನ್ಸಿಲು, ನೋಟುಬುಕ್ಕು ಮಾರುವ ನಮ್ಮ ಸ್ನೇಹಿತರೊಬ್ಬರು ಸರಕು ತರಲು ದೊಡ್ಡ ಶಹರಕ್ಕೆ ಹೋದವರು, ಬರುವಾಗ ಮೊಮ್ಮಗಳಿಗೆಂದು ಒಂದು ಪುಸ್ತಕ ಕೊಂಡು ತಂದಿದ್ದರು. ನಮ್ಮ ಹಳೆಯ ಜೋಗುಳವೊಂದನ್ನು ಎತ್ತಿಕೊಂಡು, ಸಾಲಿಗೊಂದು ಚಿತ್ರ ಬರೆಯಿಸಿ, ಮಕ್ಕಳನ್ನು ಮಲಗಿಸುವ ಹೊತ್ತಿಗೆ ಓದಲಿಕ್ಕೆಂದು ಮಾಡಿದ ಪುಸ್ತಕ. ಕಾಗದ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಣ್ಣಗಳು ಕಣ್ಣಿಗೆ ತಂಪಾಗಿದ್ದವು. ಬೆಲೆ 350 ರೂಪಾಯಿ. ಇಷ್ಟು ಹಣದಲ್ಲಿ ಎಷ್ಟು ಜೋಳ ಬರುತ್ತದೆಂಬ ಲೆಕ್ಕ ನಮ್ಮ ಓದುಗರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಅಂಗಡಿಯ ಕಟ್ಟೆಯ ಮೇಲೆ ನಾವು ನಾಲ್ಕೈದು ಮಂದಿ ಕೂತು ಪುಟ ಮಗುಚುತ್ತಿದ್ದೆವು. ಅದೇ ಹೊತ್ತಿಗೆ ಅಜ್ಜಿಯೊಬ್ಬರು ಮೊಮ್ಮಗನಿಗೆ ಪಾಟಿ ಕೊಳ್ಳಲು ಬಂದರು. ನೂಲಿನ ಗಿರಣಿಯ ರೀಲಿಂಗ್ ಖಾತೆಯಲ್ಲಿ ಇಪ್ಪತ್ತಾರು ವರ್ಷ ದುಡಿದು, ಗಿರಣಿಗೆ ಬೀಗ ಬಿದ್ದಾಗ ಬರಿಗೈಯಲ್ಲಿ ಮನೆಗೆ ಬಂದವರು ಅವರು. ಓದು ಬಾರದು. ಪುಸ್ತಕವನ್ನು ಕೈಗೆ ಕೊಟ್ಟೆವು. ಅವರು ಪ್ರತಿ ಚಿತ್ರವನ್ನೂ ಸಾವಕಾಶವಾಗಿ ನೋಡಿದರು. ಬೆಳ್ಳಗಿನ ಕೂಸು, ಬಂಗಾರದ ತೊಟ್ಟಿಲು, ತೊಟ್ಟಿಲ ಮೇಲೆ ಗಿಣಿ, ಕಿಟಕಿಯಾಚೆ ಚಂದ್ರ, ರೇಶಿಮೆ ಸೀರೆಯುಟ್ಟು ಪಕ್ಕದಲ್ಲಿ ನಿಂತ ತಾಯಿ. ಕಡೆಗೆ ಅವರು ಕೇಳಿದ್ದು ಇಷ್ಟೇ: “ಚಂದ ಐತ್ರಿ ಮಾಸ್ತರ. ಖರೆ, ಈಕಿ ತೊಟ್ಲ ಹೆಂಗ ತೂಗ್ತಾಳ? ಹಗ್ಗ ಎಲ್ಲೈತಿ?”

ನಾವು ಪುಟಗಳನ್ನು ಮತ್ತೆ ತಿರುವಿ ನೋಡಿದೆವು. ಹೌದು, ಯಾವ ಪುಟದಲ್ಲಿಯೂ ಹಗ್ಗವಿರಲಿಲ್ಲ. ಮ್ಯಾಟ್ರಿಕ್ ಪಾಸಾಗಿ, ಮಕ್ಕಳಿಗೆ ಹತ್ತಾರು ವರ್ಷ ಪಾಠ ಹೇಳಿದ ನಮ್ಮ ಕಣ್ಣಿಗೆ ಬೀಳದ ತಪ್ಪು ಆ ಅಜ್ಜಿಗೆ ಒಂದೇ ನೋಟಕ್ಕೆ ಸಿಕ್ಕಿತು.

ಹಗ್ಗವೆಂದರೆ ಅಲಂಕಾರವಲ್ಲ. ನಮ್ಮ ಮನೆಗಳಲ್ಲಿ ತೊಟ್ಟಿಲ ಬಳಿ ನಿಂತುಕೊಂಡು ಕೂಸಿನ ಮುಖ ನೋಡುತ್ತ ಹಾಡುವಷ್ಟು ಬಿಡುವು ಯಾವ ತಾಯಿಗಿದೆ? ತೊಲೆಗೆ ಸೀರೆಯ ಜೋಲಿ ಕಟ್ಟುತ್ತಾಳೆ. ಅದಕ್ಕೊಂದು ಹಗ್ಗ. ಹಗ್ಗದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕೂರುತ್ತಾಳೆ. ಕಾಲು ತೂಗುತ್ತಿರುತ್ತದೆ, ಕೈ ಜೋಳ ಹಸನು ಮಾಡುತ್ತಿರುತ್ತದೆ, ಇಲ್ಲವೇ ಬೀಡಿ ಕಟ್ಟುತ್ತಿರುತ್ತದೆ, ಇಲ್ಲವೇ ನೇಕಾರರ ಮನೆಯಾದರೆ ಕಂಡಿಕೆ ಸುತ್ತುತ್ತಿರುತ್ತದೆ. ಬಾಯಿ ಹಾಡುತ್ತದೆ. ಜೋಗುಳವು ಯಾಕೆ ಅಷ್ಟು ಉದ್ದ? ಕೆಲಸ ಅಷ್ಟು ಉದ್ದವಾದುದರಿಂದ. ಸಾಲಿನ ಕೊನೆಯಲ್ಲಿ ಬರುವ ಜೋ ಜೋ ಎಂಬುದು ಯಾಕೆ? ಜೋಲಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೋಗಿ ಬರುವ ಅಳತೆ ಅದು. ಇದು ದುಡಿಮೆಯ ಹಾಡು. ಬೀಸುವ ಕಲ್ಲಿನ ಹಾಡಿಗೂ ಕುಟ್ಟುವ ಹಾಡಿಗೂ ಒಡಹುಟ್ಟು. ಹಗ್ಗ ತೆಗೆದು ಹಾಕಿದ ಚಿತ್ರಗಾರನು ದುಡಿಮೆಯನ್ನು ತೆಗೆದು ಹಾಕಿದ್ದಾನೆ. ಬೇಕೆಂದು ಹಾಗೆ ಮಾಡಿದನೆಂದು ನಾವು ಹೇಳುವುದಿಲ್ಲ. ಅವನು ಕಂಡಿದ್ದರೆ ತಾನೇ ಬರೆಯುವುದು!

ಒಡಹುಟ್ಟು ಎಂದೆವಷ್ಟೆ. ನಮ್ಮ ಉತ್ತರದ ಸೀಮೆಯಲ್ಲಿ ಹೆಣ್ಣುಮಕ್ಕಳು ಬೀಸುವಾಗಲೂ ತೂಗುವಾಗಲೂ ಹಾಡುವುದು ಬಹುಮಟ್ಟಿಗೆ ತ್ರಿಪದಿಯಲ್ಲಿಯೇ. ಮೂರು ಸಾಲು, ಎರಡನೆಯ ಸಾಲನ್ನು ತಿರುಗಿ ತಿರುಗಿ ಹಾಡಿ ಮೂರನೆಯದಕ್ಕೆ ಬರುವ ರೀತಿ. ಈ ಮಟ್ಟು ನಿನ್ನೆ ಮೊನ್ನೆಯದಲ್ಲ. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಹೊತ್ತಿಗೆ ಕೆತ್ತಿದ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿ ಇದೆ. ರಾಜರು ಹೋದರು, ರಾಜ್ಯಗಳು ಹೋದವು. ಆ ಮಟ್ಟನ್ನು ಅಕ್ಷರ ಕಲಿಯದ ಹೆಂಗಸರು ಹೆಬ್ಬೆರಳಿನಲ್ಲಿ ಹಿಡಿದುಕೊಂಡು ಸಾವಿರ ವರ್ಷ ನಡೆಸಿದರು. ಅದನ್ನು ಮೊದಲು ಮರ್ಯಾದೆಯಿಂದ ಅಚ್ಚಿಗೆ ತಂದವರು ಪಂಡಿತರಲ್ಲ. ವಿಜಾಪುರ ಜಿಲ್ಲೆಯ ಹಲಸಂಗಿ ಎಂಬ ಹಳ್ಳಿಯ ಗೆಳೆಯರು. 1931ರಲ್ಲಿ ಅವರ ‘ಗರತಿಯ ಹಾಡು’ ಹೊರಬಂದಾಗ, ಅಡಿಗೆಮನೆಯ ಹಾಡಿಗೂ ಸಾಹಿತ್ಯವೆಂಬ ಹೆಸರು ಬಂತು. ಆದರೆ ಅದು ದೊಡ್ಡವರು ಓದುವ ಪುಸ್ತಕ. ಕೂಸಿನ ಹಾಡು ಕೂಸಿನ ಕೈಗೆ ಪುಸ್ತಕವಾಗಿ ಬರಬೇಕಾದದ್ದು ಬಾಕಿಯೇ ಉಳಿಯಿತು. ಆದುದರಿಂದ, ಮುನ್ನೂರೈವತ್ತು ರೂಪಾಯಿಯ ಪುಸ್ತಕವನ್ನು ಹಳಿದು ಕೈ ತೊಳೆದುಕೊಳ್ಳುವುದು ನಮ್ಮ ಉದ್ದೇಶವಲ್ಲ. ನಮ್ಮ ಊರಿನಲ್ಲಿಯೇ ಇಂಥ ಒಂದು ಪುಸ್ತಕ ಆಗಬೇಕು, ಹಗ್ಗ ಸಹಿತವಾಗಿ ಆಗಬೇಕು ಎಂಬುದು ನಮ್ಮ ವಾದ.

ಈ ಮಾತನ್ನು ವಾಚನಾಲಯದಲ್ಲಿ ಎತ್ತಿದಾಗ ಮೊದಲು ಮುನಿದವರು ನಮ್ಮವರೇ. “ಮಾಸ್ತರ, ಬಂಗಾರದ ತೊಟ್ಟಿಲು, ಬೆಳ್ಳಿಯ ಸರಪಳಿ, ಹುಟ್ಟಿದ ಕೂಸು ರಾಜನಾಗಲಿ ಎಂಬ ಹರಕೆ. ಈ ಹಳೆಯ ಕಾಲದ ಕಸವನ್ನು ಮಕ್ಕಳ ತಲೆಗೆ ಮತ್ತೆ ತುಂಬುವುದೇ? ಹೊಸ ಜೋಗುಳ ಬರೆಯಿರಿ” ಎಂದರು. ನಾವು ನಕ್ಕೆವು. ಏಕೆಂದರೆ ಬರೆದು ನೋಡಿ ಕೈ ಸುಟ್ಟುಕೊಂಡವರು ನಾವು. ಕೆಲವು ವರ್ಷಗಳ ಹಿಂದೆ, ಬಹಳ ಹುರುಪಿನಲ್ಲಿ, ಒಂದು ಹೊಸ ಜೋಗುಳವನ್ನು ಕಟ್ಟಿದ್ದೆವು. ಅದರಲ್ಲಿ ಗಿರಣಿಯ ಭೋಂಗಾ ಇತ್ತು, ಮೂಡಣದ ಕೆಂಪು ಇತ್ತು, ನಾಳಿನ ಸಮಾನತೆಯ ನಾಡು ಇತ್ತು. ಪ್ರಾಸಕ್ಕೇನೂ ಕೊರತೆಯಿರಲಿಲ್ಲ. ಮನೆಯಲ್ಲಿ ಹಾಡಿ ತೋರಿಸಿದೆವು. ನಮ್ಮ ಸ್ವಂತ ಮಗಳೇ ಎದ್ದು ಕೂತಳು. ಮನೆಯವರು, “ನಿಮ್ಮ ಭಾಷಣ ಮುಗದಿದ್ರ ಕೂಸಿನ್ನ ಈ ಕಡೆ ಕೊಡ್ರಿ” ಎಂದು ಎತ್ತಿಕೊಂಡು ಹೋದರು. ಒಳಗಿನಿಂದ ಬಂಗಾರದ ತೊಟ್ಟಿಲಿನ ಹಳೆಯ ಹಾಡೇ ಕೇಳಿ ಬಂತು. ಐದು ನಿಮಿಷದಲ್ಲಿ ಮಗಳಿಗೆ ನಿದ್ದೆ.

ಆ ರಾತ್ರಿ ನಾವು ಯೋಚಿಸಿದ್ದನ್ನೇ ಇಲ್ಲಿ ಹೇಳುತ್ತೇವೆ. ಸೀರೆಯ ಜೋಲಿಯಲ್ಲಿ ಕೂಸನ್ನು ಹಾಕಿ ಬಂಗಾರದ ತೊಟ್ಟಿಲೆಂದು ಹಾಡುವ ತಾಯಿಗೆ ಅದು ಹರಕು ಸೀರೆಯೆಂದು ಗೊತ್ತಿಲ್ಲವೇ? ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತು. ಆ ಹರಕಿಗೆ ಹೊಲಿಗೆ ಹಾಕಿದವಳು ಅವಳೇ. ಅವಳು ಸುಳ್ಳು ಹೇಳುತ್ತಿಲ್ಲ. ತನ್ನ ಕೂಸು ಯಾವ ರಾಜನ ಕೂಸಿಗಿಂತಲೂ ಕಡಿಮೆಯದಲ್ಲವೆಂದು ಕೇಳುತ್ತಿದ್ದಾಳೆ. ಸಾವಧಾನವಾಗಿ ನೋಡಿದರೆ ಇದಕ್ಕಿಂತ ದೊಡ್ಡ ಬೇಡಿಕೆಯನ್ನು ನಾವು ಯಾವ ಠರಾವಿನಲ್ಲಿ ಬರೆದಿದ್ದೇವೆ? ಹಾಡಿನಿಂದ ಬಂಗಾರವನ್ನು ಕಿತ್ತು ಹಾಕುವುದು ತಪ್ಪು. ಚಿತ್ರದಲ್ಲಿಯೂ ಬಂಗಾರವನ್ನೇ ಬರೆದುಬಿಡುವುದು ಇನ್ನೂ ದೊಡ್ಡ ತಪ್ಪು. ಹಾಡು ಬಂಗಾರವೆನ್ನಲಿ, ಚಿತ್ರದಲ್ಲಿ ಸೀರೆಯ ಜೋಲಿ ಇರಲಿ. ಹಾಡು ಬೆಳ್ಳಿಯ ಸರಪಳಿಯೆನ್ನಲಿ, ಚಿತ್ರದಲ್ಲಿ ತೊಲೆಗೆ ಸುತ್ತಿದ ತೆಂಗಿನ ನಾರಿನ ಹಗ್ಗ, ಅದರ ತುದಿಯಲ್ಲಿ ತಾಯಿಯ ಹೆಬ್ಬೆರಳು ಕಾಣಲಿ. ಮಾತು ಒಂದನ್ನು ಹೇಳುವಾಗ ಚಿತ್ರ ಇನ್ನೊಂದನ್ನು ತೋರಿಸಬಹುದು. ಎರಡನ್ನೂ ಒಟ್ಟಿಗೆ ನೋಡಿದ ಮಗು ಮೂರನೆಯದನ್ನು ತಾನೇ ತಿಳಿಯುತ್ತದೆ. ಬರೀ ಹಾಡಿನಲ್ಲಿ ಸಾಧ್ಯವಾಗದ, ಬರೀ ಚಿತ್ರದಲ್ಲಿಯೂ ಸಾಧ್ಯವಾಗದ ಈ ಕೆಲಸಕ್ಕಾಗಿಯೇ ಚಿತ್ರದ ಪುಸ್ತಕ ಬೇಕಾದದ್ದು. ಹಾಡಿನಲ್ಲಿರುವುದನ್ನೇ ಚಿತ್ರದಲ್ಲಿ ಮತ್ತೊಮ್ಮೆ ಬರೆಯುವುದಾದರೆ ಹಣ ಯಾಕೆ ಖರ್ಚು ಮಾಡಬೇಕು?

ಜೋಗುಳಕ್ಕೆ ಚಿತ್ರ ಕೂಡಿಸುವುದು ನಮ್ಮ ನಾಡಿಗೆ ಹೊಸದೆಂದು ಯಾರಾದರೂ ತಿಳಿದಿದ್ದರೆ, ಅವರು ಧಾರವಾಡ ಜಿಲ್ಲೆಯ ಕಲಘಟಗಿಗೆ ಒಮ್ಮೆ ಹೋಗಿ ಬರಬೇಕು. ಅಲ್ಲಿಯ ಚಿತ್ರಗಾರರು ಮಾಡುವ ಮರದ ತೊಟ್ಟಿಲಿನ ಹಲಗೆ ಹಲಗೆಗೂ ಚಿತ್ರ. ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗ, ಹೂವು, ಬಳ್ಳಿ, ಹಕ್ಕಿ. ಮೇಲೆ ಅರಗಿನ ಹೊಳಪು. ತೊಟ್ಟಿಲಿನ ಸುತ್ತ ಕೂತ ಹಿರಿಯರು ಹಾಡುತ್ತಾರೆ, ತೊಟ್ಟಿಲು ತೂಗಿದಂತೆ ಹಾಡಿನ ಕೃಷ್ಣನೂ ಹಲಗೆಯ ಕೃಷ್ಣನೂ ಕೂಡಿಕೊಂಡು ಆಡುತ್ತಾರೆ. ಇದು ಚಿತ್ರದ ಪುಸ್ತಕವಲ್ಲದೆ ಮತ್ತೇನು? ಪುಟ ಮಗುಚುವ ಬದಲು ತೊಟ್ಟಿಲೇ ಮಗುಚುತ್ತದೆ, ಅಷ್ಟೆ. ಆದರೆ ಅದು ಉಳ್ಳವರ ಮನೆಯ ಪುಸ್ತಕವಾಗಿತ್ತು. ಮಗಳ ಬಾಣಂತನಕ್ಕೆ ಅಂಥ ತೊಟ್ಟಿಲು ಕಳಿಸುವ ಶಕ್ತಿ ಎಷ್ಟು ತವರುಮನೆಗಳಿಗಿತ್ತು? ಉಳಿದವರು ನಾಮಕರಣದ ದಿನ ನೆರೆಮನೆಯ ತೊಟ್ಟಿಲನ್ನು ಕೇಳಿ ತಂದು, ಕೂಸನ್ನು ಮೇಲಿಂದ ಕೆಳಗಿಂದ ದಾಟಿಸಿ, ಕಿವಿಯಲ್ಲಿ ಹೆಸರು ಹೇಳಿ, ಮರುದಿನ ತೊಟ್ಟಿಲನ್ನು ಹಿಂದಿರುಗಿಸಿ ಬರುತ್ತಿದ್ದರು. ಮರುದಿನದಿಂದ ಜೋಲಿ. ಹದಿನಾರು ಪುಟದ ಪುಸ್ತಕವು, ಕಲಘಟಗಿಯ ತೊಟ್ಟಿಲು ಹೋಗದ ಮನೆಗೂ ಹೋಗಬಲ್ಲದು. ಬೆಲೆ ಸರಿಯಾಗಿದ್ದರೆ!

ಇಲ್ಲಿ ಒಂದು ದೊಡ್ಡ ತೊಡಕಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಜೋಗುಳ ಕತ್ತಲೆಯ ಹಾಡು, ಪುಸ್ತಕ ಬೆಳಕಿನ ವಸ್ತು. ಹಾಡು ಕಣ್ಣು ಮುಚ್ಚಿಸುತ್ತದೆ, ಚಿತ್ರ ಕಣ್ಣು ತೆರೆಯಿಸುತ್ತದೆ. ಶಹರದ ದೊಡ್ಡ ಮನೆಯಲ್ಲಿ ಮಗುವಿಗೊಂದು ಕೋಣೆ, ಕೋಣೆಗೊಂದು ಸಣ್ಣ ದೀಪ, ದೀಪದ ಕೆಳಗೆ ತಾಯಿತಂದೆ ಕೂತು ಪುಸ್ತಕ ಓದುತ್ತಾರೆ. ಚಾಳಿನ ಒಂದೇ ಕೋಣೆಯಲ್ಲಿ ಎರಡನೆಯ ಪಾಳಿ ಮುಗಿಸಿ ಬಂದ ಗಂಡಸು ಮಲಗಿರುತ್ತಾನೆ. ದೀಪ ಹಚ್ಚಿದರೆ ಅವನ ನಿದ್ದೆ ಕೆಡುತ್ತದೆ. ಹಾಗಾದರೆ ನಮ್ಮ ಪುಸ್ತಕವನ್ನು ಓದುವವರು ಯಾರು?

ಶಾಲೆಯಲ್ಲಿದ್ದಾಗಿನ ಒಂದು ಸಂಗತಿ ನೆನಪಾಗುತ್ತದೆ. ಮೂರನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿ. ಚುರುಕು. ವಾರದಲ್ಲಿ ಎರಡು ದಿನ ಬಂದರೆ ಹೆಚ್ಚು. ಮನೆಗೆ ಹೋಗಿ ನೋಡಿದೆವು. ಬಾಗಿಲ ಬಳಿ ಜೋಲಿಯ ಹಗ್ಗ ಹಿಡಿದುಕೊಂಡು ಕೂತಿದ್ದಳು. “ತಮ್ಮನ್ನ ತೂಗಾಕ ಯಾರೂ ಇಲ್ರಿ ಸರ. ಅವ್ವ ಜಿನ್ನಿಗೆ ಹೋಗ್ಯಾಳ್ರಿ” ಎಂದಳು. ಅವಳ ಮಡಿಲಲ್ಲಿ ಒಂದನೆಯ ಇಯತ್ತೆಯ ಹರಿದ ಪುಸ್ತಕವಿತ್ತು. ಅವಳು ಓದಿ ಮುಗಿಸಿ ಎರಡು ವರ್ಷವಾಗಿದ್ದ ಪುಸ್ತಕ. ಬೇರೆ ಇಲ್ಲದ್ದರಿಂದ ಅದನ್ನೇ ಮತ್ತೆ ಓದುತ್ತಿದ್ದಳು. ಓದುತ್ತ ತೂಗುತ್ತಿದ್ದಳು. ನಾವು ಅವಳ ತಾಯಿಗೆ ಬುದ್ಧಿ ಹೇಳಿ ಬಂದೆವು. ತಾಯಿ ತಲೆಯಾಡಿಸಿದಳು. ಮರುದಿನವೂ ಹುಡುಗಿ ಬರಲಿಲ್ಲ. ಬುದ್ಧಿ ಹೇಳುವುದು ಸುಲಭ, ಹಗ್ಗ ಹಿಡಿಯುವವರು ಬೇಕಲ್ಲ! ಜೋಗುಳದ ಪುಸ್ತಕವೆಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಜೋಲಿಯೊಳಗಿನ ಕೂಸಲ್ಲ, ಈ ಎಂಟು ವರ್ಷದ ಅಕ್ಕ. ಹಗಲು ಬೆಳಕಿನಲ್ಲಿ, ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಓದುವವಳು ಅವಳು. ಆದುದರಿಂದ ಪುಸ್ತಕವು ಒಂದೇ ಕೈಯಲ್ಲಿ ಹಿಡಿಯುವಂತಿರಬೇಕು. ಅಕ್ಷರ ದೊಡ್ಡದಿರಬೇಕು. ಒತ್ತಕ್ಷರಗಳು ಕಡಿಮೆಯಿರಬೇಕು. ಇದನ್ನು ಯಾವ ಪ್ರಕಾಶಕನೂ ಹೇಳುವುದಿಲ್ಲ, ಏಕೆಂದರೆ ಅವನ ಗಿರಾಕಿ ಅವಳಲ್ಲ.

ಆ ಹುಡುಗಿ ಈಗ ಇಬ್ಬರು ಮಕ್ಕಳ ತಾಯಿ. ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುತ್ತಾಳೆ.

ಇನ್ನು ಯಾವ ನುಡಿಗಳನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ. ನಮ್ಮ ಜೋಗುಳಗಳಲ್ಲಿ ಗಂಡು ಕೂಸಿನ ಹೊಗಳಿಕೆ ಹೆಚ್ಚೆಂಬುದು ನಿಜ. ಕುಲ ಬೆಳಗುವವನು, ಮನೆ ಆಳುವವನು ಎಂದೆಲ್ಲ ಹಾಡುತ್ತಾರೆ. ಹೆಣ್ಣು ಕೂಸು ತೊಟ್ಟಿಲಲ್ಲಿದ್ದಾಗಲೂ ಅದನ್ನೇ ಹಾಡುವುದನ್ನು ನಾವು ಕೇಳಿದ್ದೇವೆ. ಇಂಥ ನುಡಿಗಳನ್ನು ಮಕ್ಕಳ ಪುಸ್ತಕಕ್ಕೆ ಹಾಕಬೇಕಾದ ಕಾರಣ ನಮಗೆ ಕಾಣುವುದಿಲ್ಲ. ಹಾಗೆಂದ ಮಾತ್ರಕ್ಕೆ ಹೊಸದೇನನ್ನೂ ತುರುಕಬೇಕಾಗಿಲ್ಲ. ನಮ್ಮ ಕನ್ನಡವೇ ದಾರಿ ಮಾಡಿಕೊಟ್ಟಿದೆ. ಕೂಸು ಅತ್ತಿತು, ಮಗು ಮಲಗಿತು ಎನ್ನುತ್ತೇವೆಯೇ ಹೊರತು ಅತ್ತನು, ಮಲಗಿದಳು ಎನ್ನುವುದಿಲ್ಲ. ಕೂಸಿಗೆ ಗಂಡು ಹೆಣ್ಣೆಂಬ ಭೇದವನ್ನು ವ್ಯಾಕರಣವೇ ಒಪ್ಪಿಲ್ಲ! ಕೂಸಿನ ನುಡಿಗಳನ್ನೇ ಆರಿಸಿಕೊಂಡು ಪುಸ್ತಕ ಕಟ್ಟಬಹುದು, ಎಷ್ಟು ಬೇಕಾದರೂ ಸಿಗುತ್ತವೆ.

ಆದರೆ ಒಂದು ಬಗೆಯ ನುಡಿಯನ್ನು ಮಾತ್ರ ಬಿಡಬಾರದೆಂದು ನಾವು ಹಟ ಹಿಡಿಯುತ್ತೇವೆ. ಅತ್ತೆಯ ಮನೆಯಲ್ಲಿ ಬಾಯಿ ಬಿಡದ ಸೊಸೆ, ಕೂಸಿಗೇನೂ ತಿಳಿಯದೆಂಬ ಧೈರ್ಯದ ಮೇಲೆ ತನ್ನ ಎಲ್ಲ ಸಂಕಟವನ್ನೂ ಜೋಗುಳದಲ್ಲಿ ಹಾಡಿಕೊಂಡಿದ್ದಾಳೆ. ತವರಿನಿಂದ ಕರೆಯಲು ಬಾರದ ಅಣ್ಣ, ನಡುರಾತ್ರಿಯಾದರೂ ಮನೆಗೆ ಬಾರದ ಗಂಡ, ಮುಗಿಯದ ಕೆಲಸ. ಜಡ್ಜ ಸಾಹೇಬರ ಮುಂದೆ ಹೇಳಲಾಗದ್ದನ್ನು ಆಕೆ ಜೋಲಿಯ ಮುಂದೆ ಹೇಳಿದ್ದಾಳೆ. ಮಕ್ಕಳ ಪುಸ್ತಕ ಮಾಡುವವರು ಮೊದಲು ಕತ್ತರಿ ಹಾಕುವುದು ಇದಕ್ಕೇ. ಮಕ್ಕಳ ಮನಸ್ಸು ನೋಯುತ್ತದೆಯಂತೆ. ನಮ್ಮ ಮಕ್ಕಳು ತಾಯಿಯ ಅಳುವನ್ನು ಕಾಣದೆ ಬೆಳೆದಿದ್ದಾರೆಯೇ? ಅಂಥ ಒಂದೇ ಒಂದು ನುಡಿ ಇರಲಿ. ಪುಟದ ತುಂಬ ಬೇಡ, ಒಂದು ಮೂಲೆಯಲ್ಲಿ. ಚಿತ್ರದಲ್ಲಿ ತಾಯಿ ಬಾಗಿಲ ಕಡೆ ನೋಡುತ್ತಿರಲಿ. ಅಷ್ಟು ಸಾಕು.

ಪುಸ್ತಕದ ಚಿತ್ರಗಳ ವಿಷಯದಲ್ಲಿ ನಮಗೊಂದು ವಿಚಾರ ಹೊಳೆದಿದೆ. ಶಹರದ ಚಿತ್ರಗಾರನಿಗೆ ದುಬಾರಿ ಸಂಭಾವನೆ ಕೊಡಬೇಕಾಗಿಲ್ಲ. ಪ್ರತಿ ಮನೆಯಲ್ಲಿಯೂ ಕೌದಿ ಇದೆ. ಅಜ್ಜಿಯ ಇಳಕಲ್ ಸೀರೆಯ ಚೂರು, ಅಪ್ಪನ ಗಿರಣಿ ಅಂಗಿಯ ಚೂರು, ಅಕ್ಕನ ಪರಕಾರದ ಚೂರು, ಇವನ್ನೆಲ್ಲ ಕೂಡಿಸಿ ಹೊಲಿದದ್ದು ಕೌದಿ. ಕೂಸು ಮಲಗುವುದೂ ಅದರ ಮೇಲೆಯೇ. ಆ ಚೂರುಗಳಿಂದಲೇ ಜೋಲಿ, ಚಂದ್ರ, ಬೆಕ್ಕು, ಒಲೆ, ತಾಯಿ ಎಲ್ಲವನ್ನೂ ಕತ್ತರಿಸಿ ಅಂಟಿಸಿದರೆ ಚಿತ್ರವಾಯಿತು. ನಮ್ಮ ಊರಿನ ಹೈಸ್ಕೂಲಿನ ಚಿತ್ರಕಲೆಯ ಮಾಸ್ತರರು ಎರಡು ಪುಟ ಮಾಡಿ ತೋರಿಸಿದರು. ಜೋಲಿಯು ನಿಜವಾದ ಸೀರೆಯ ತುಂಡು, ಹಗ್ಗ ನಿಜವಾದ ನೂಲು. ಬೆಕ್ಕು ಮಾತ್ರ ನಾಯಿಯಂತೆ ಕಾಣುತ್ತಿತ್ತು. ಅದನ್ನು ತಿದ್ದಬಹುದು.

ವ್ಯಾಪಾರಸ್ಥ ಬಂಧುಗಳು ಕೇಳುವ ಮಾತು ನಮಗೆ ಗೊತ್ತು. ಕೊಳ್ಳುವವರಾರು? ನಮ್ಮ ಪಾಟಿ ಅಂಗಡಿಯ ಸ್ನೇಹಿತರು ಅನುಭವದಿಂದ ಹೇಳಿದರು: ಮೂವತ್ತು ರೂಪಾಯಿಯ ಒಳಗಿದ್ದರೆ ಶಾಲೆಯ ಸಾಮಾನಿನ ಜತೆಗೆ ಹೋಗುತ್ತದೆ, ಮೇಲಾದರೆ ಗಾಜಿನ ಕಪಾಟಿನಲ್ಲಿ ಧೂಳು ತಿನ್ನುತ್ತದೆ. ಈ ಮಾತನ್ನು ನಾವು ವೇದವಾಕ್ಯವೆಂದು ತೆಗೆದುಕೊಂಡಿದ್ದೇವೆ. ಅಚ್ಚುಮನೆಯ ಲೆಕ್ಕ ಹೀಗಿದೆ. ಒಂದು ದೊಡ್ಡ ಹಾಳೆಯ ಎರಡೂ ಬದಿಗೆ ಎಂಟೆಂಟು ಪುಟ ಅಚ್ಚು ಹಾಕಿ ಮಡಿಚಿದರೆ ಹದಿನಾರು ಪುಟವಾಗುತ್ತದೆ. ನಡುವೆ ಎರಡು ಪಿನ್ನು. ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟು ಬೇಕು, ಎರಡು ಬಣ್ಣವಾದರೆ ಎರಡೇ ಸಾಕು. ಪ್ಲೇಟಿನ ಖರ್ಚು ನೂರು ಪ್ರತಿಗೂ ಅಷ್ಟೇ, ಐದು ಸಾವಿರ ಪ್ರತಿಗೂ ಅಷ್ಟೇ. ಪ್ರತಿ ಹೆಚ್ಚಿದಂತೆ ಒಂದೊಂದರ ಬೆಲೆ ಇಳಿಯುತ್ತದೆ. ರಕ್ಷಾಪುಟಕ್ಕೆ ಮಾತ್ರ ಎಲ್ಲ ಬಣ್ಣ, ಒಳಗೆ ಕಪ್ಪು ಮತ್ತು ಇಳಕಲ್ಲಿನ ಕೆಂಪು. ಹೊಳೆಯುವ ಕಾಗದ ಬೇಡ, ಸಾದಾ ಮ್ಯಾಪ್ಲಿಥೋ ಸಾಕು; ಅಕ್ಕ ಅದರ ಮೇಲೆ ಪೆನ್ಸಿಲಿನಿಂದ ಬರೆಯಬಹುದು.

ಕಡಿಮೆ ಬೆಲೆಯ ಚಂದದ ಪುಸ್ತಕ ಸಾಧ್ಯವೇ ಇಲ್ಲವೆನ್ನುವವರು ಸುತ್ತ ನೋಡಬೇಕು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2004ರಲ್ಲಿ ಹುಟ್ಟಿದ್ದೇ ಮಕ್ಕಳಿಗೆ ಕಡಿಮೆ ಬೆಲೆಯಲ್ಲಿ ಹಲವು ಭಾಷೆಗಳ ಪುಸ್ತಕ ಮುಟ್ಟಿಸಬೇಕೆಂದು. 2015ರಲ್ಲಿ ಅವರು ತೆರೆದ ಸ್ಟೋರಿವೀವರ್ ಎಂಬ ಭಂಡಾರದಲ್ಲಿ, ಬರೆದವರ ಮತ್ತು ಚಿತ್ರ ಮಾಡಿದವರ ಹೆಸರನ್ನು ಉಳಿಸಿಕೊಂಡು ಯಾರು ಬೇಕಾದರೂ ಕತೆಗಳನ್ನು ತಮ್ಮ ಭಾಷೆಗೆ ತಂದುಕೊಂಡು ಅಚ್ಚು ಹಾಕಬಹುದು. ನಮ್ಮ ಜೋಗುಳದ ಪುಸ್ತಕವೂ ಹಾಗೆಯೇ ಇರಬೇಕು. ಇದು ಬರಿಯ ಔದಾರ್ಯದ ಮಾತಲ್ಲ. 1957ರ ಕೃತಿಸ್ವಾಮ್ಯದ ಕಾಯ್ದೆಯಂತೆ, ಬರೆದ ಚಿತ್ರಕ್ಕೆ, ಹೊಸದಾಗಿ ಕಟ್ಟಿದ ಮಾತಿಗೆ ಒಡೆತನವುಂಟು. ತಲೆತಲಾಂತರದಿಂದ ಬಂದ ಹಾಡಿಗೆ ಒಡೆಯನಿಲ್ಲ. ಆದರೂ ಸ್ನೇಹಿತರು ತಂದ ಆ ಪುಸ್ತಕದ ಎರಡನೆಯ ಪುಟದಲ್ಲಿ, ಪ್ರಕಾಶಕರ ಅನುಮತಿಯಿಲ್ಲದೆ ಯಾವ ಭಾಗವನ್ನೂ ಬಳಸಕೂಡದೆಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ನಮ್ಮ ಅಜ್ಜಿ ಇನ್ನು ಮುಂದೆ ಅನುಮತಿ ತೆಗೆದುಕೊಂಡು ತೂಗಬೇಕೋ ಏನೋ! ಹಾಡು ಯಾರಿಂದ ಸಿಕ್ಕಿತೆಂಬ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ. ನಮ್ಮ ಪುಸ್ತಕದಲ್ಲಿ ಪ್ರತಿ ನುಡಿಯ ಕೆಳಗೆ ಹಾಡಿದವಳ ಹೆಸರು, ಊರು, ಕಸುಬು ಇರಬೇಕು. ಅವರು ಬೇಡವೆಂದರೆ ಬೇರೆ ಮಾತು.

ಇನ್ನೊಂದು. ಜೋಗುಳವು ಯಾವ ಎರಡು ಮನೆಯಲ್ಲಿಯೂ ಒಂದೇ ರೀತಿ ಇರುವುದಿಲ್ಲ. ಸೋದರಮಾವನ ಹೆಸರು, ಅತ್ತೆಯ ಊರು, ಅಪ್ಪನ ಕಸುಬು, ಆ ವರ್ಷದ ಮಳೆ, ಎಲ್ಲವೂ ಹಾಡಿನೊಳಗೆ ಬರುತ್ತ ಹೋಗುತ್ತ ಇರುತ್ತವೆ. ಅಚ್ಚಾದ ಹಾಡು ಅಲ್ಲಿಗೆ ನಿಂತಿತು. ಪುಸ್ತಕದಲ್ಲಿರುವುದೇ ಸರಿ, ಅವ್ವ ಹಾಡುವುದು ತಪ್ಪು ಎಂದು ಮಕ್ಕಳು ಹೇಳುವ ದಿನ ಬಂದರೆ ಪುಸ್ತಕ ಮಾಡಿದ ಪಾಪ ನಮಗೆ. ಆದುದರಿಂದ ಕೊನೆಯ ಎರಡು ಪುಟ ಖಾಲಿ ಇರಬೇಕು. ಚಿತ್ರದ ಚೌಕಟ್ಟು ಮಾತ್ರ ಇದ್ದು, ಒಳಗೆ ಗೆರೆಗಳು. ಅಕ್ಕ ತನ್ನ ಮನೆಯ ಒಂದು ನುಡಿಯನ್ನು ಅಜ್ಜಿಯಿಂದ ಕೇಳಿ ಅಲ್ಲಿ ಬರೆಯಲಿ. ಖಾಲಿ ಪುಟಕ್ಕೆ ಯಾರು ಹಣ ಕೊಡುತ್ತಾರೆಂದು ಒಬ್ಬರು ನಕ್ಕರು. ಖಾತೆ ಕೀರ್ದಿಯ ಖಾಲಿ ಪುಸ್ತಕಗಳನ್ನು ವರ್ಷವರ್ಷವೂ ದೀಪಾವಳಿಗೆ ಪೂಜೆ ಮಾಡಿ ಕೊಳ್ಳುವ ನೀವೇ ಹೀಗೆ ಕೇಳಬಹುದೇ ಎಂದೆವು.

ಮೊಬೈಲಿನ ಮಾತೂ ಬಂತು. ಈಗಿನ ತಾಯಂದಿರು ಫೋನನ್ನು ಜೋಲಿಯ ಪಕ್ಕ ಇಟ್ಟು ಅದರ ಜೋಗುಳವನ್ನೇ ಕೇಳಿಸುತ್ತಾರೆ, ಕಾಲ ಕೆಟ್ಟಿತು, ಇತ್ಯಾದಿ. ತಾಯಂದಿರನ್ನು ಬೈಯುವುದರಲ್ಲಿ ನಮಗೆ ಉತ್ಸಾಹವಿಲ್ಲ. 2019ರಲ್ಲಿ ನಮ್ಮ ರಾಜ್ಯ ಸರ್ಕಾರವು ಕಾರ್ಖಾನೆಗಳಲ್ಲಿ ಹೆಂಗಸರು ರಾತ್ರಿ ಪಾಳಿಯಲ್ಲಿ ದುಡಿಯಲು ಅನುಮತಿ ಕೊಟ್ಟಿತು. ರಾತ್ರಿ ಪಾಳಿಗೆ ಹೋದ ತಾಯಿಯ ಕೂಸಿಗೆ ಹಾಡುವವರು ಯಾರು? ಫೋನು ಅಥವಾ ಅದೇ ಎಂಟು ವರ್ಷದ ಅಕ್ಕ. 1948ರ ಕಾರ್ಖಾನೆ ಕಾಯ್ದೆಯಲ್ಲಿಯೇ ಶಿಶುಗೃಹದ ಮಾತಿತ್ತು. ಮೊದಲು ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದ ಕಡೆ, 1976ರ ತಿದ್ದುಪಡಿಯ ಮೇಲೆ ಮೂವತ್ತಕ್ಕಿಂತ ಹೆಚ್ಚಿದ್ದ ಕಡೆ. 2017ರ ಹೆರಿಗೆ ಸೌಲಭ್ಯದ ತಿದ್ದುಪಡಿಯು, ಐವತ್ತು ಮಂದಿ ದುಡಿಯುವಲ್ಲಿ ಶಿಶುಗೃಹ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಿ ಬರಬಹುದು ಎಂದಿತು. ನಾಲ್ಕು ಸಲ! ನಮ್ಮ ಊರಿನ ಒಂದು ಉಡುಪಿನ ಕಾರ್ಖಾನೆಯ ಶಿಶುಗೃಹವನ್ನು ನೋಡಲು ಹೋದಾಗ ಬಾಗಿಲಿಗೆ ಹಲಗೆಯಿತ್ತು, ಒಳಗೆ ಬಟ್ಟೆಯ ಮೂಟೆಗಳಿದ್ದವು. ಜೋಗುಳದ ಪುಸ್ತಕದ ಮಾತಿನಲ್ಲಿ ಶಿಶುಗೃಹ ಯಾಕೆ ಬಂತೆಂದು ಕೇಳಬೇಡಿ. ಹಾಡು ಎಲ್ಲಿ ಹಾಡಬೇಕೆಂಬ ಪ್ರಶ್ನೆ ಅದು.

ಪುಸ್ತಕ ಮನೆ ಮನೆಗೆ ಮಾರಾಟವಾಗದಿದ್ದರೂ ಹೋಗಬೇಕಾದ ಜಾಗಗಳಿವೆ. 1975ರಲ್ಲಿ ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಿಂದ ಮೊದಲಾದ ಅಂಗನವಾಡಿ ಇಂದು ಊರೂರಿನಲ್ಲಿದೆ. 2023ರ ಮುಂಗಡಪತ್ರದಲ್ಲಿ, ಉದ್ಯೋಗ ಖಾತ್ರಿಯ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆ ತೆರೆಯುತ್ತೇವೆಂದು ಸರ್ಕಾರ ಹೇಳಿತು. ಹೆಸರು ಬಹಳ ಚೆನ್ನಾಗಿದೆ. ಕೂಸಿನ ಮನೆಯಲ್ಲಿ ಕೂಸಿನ ಪುಸ್ತಕ ಒಂದಾದರೂ ಬೇಡವೇ? ಇನ್ನು ಗ್ರಂಥಾಲಯ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯದ ಕರ ಬೀಳುತ್ತದೆ. ಅಂಗಡಿಕಾರ ಬಂಧುಗಳು ಪಾವತಿಯನ್ನು ತೆಗೆದು ನೋಡಲಿ, ಕಟ್ಟಿದ ಹಣ ಕಾಣುತ್ತದೆ. ಆ ಹಣದಿಂದ ಕೊಂಡ ಪುಸ್ತಕಗಳಲ್ಲಿ ಎಂಟು ವರ್ಷದ ಹುಡುಗಿ ಮನೆಗೆ ಒಯ್ಯಬಹುದಾದವು ಎಷ್ಟಿವೆ ಎಂದು ನಮ್ಮ ಊರಿನ ಗ್ರಂಥಾಲಯದಲ್ಲಿ ಕೇಳಬೇಕೆಂದಿದ್ದೇವೆ. ಕೇಳಲು ಒಬ್ಬರೇ ಹೋದರೆ ಸಾಲದು.

ಕೆಲಸ ಇಷ್ಟು ಮುಂದೆ ಬಂದಿದೆ. ಅಜ್ಜಿಯವರಿಂದ ಏಳು ನುಡಿ, ಬೀಡಿ ಕಟ್ಟುವ ಓಣಿಯಿಂದ ನಾಲ್ಕು, ನೇಕಾರ ಓಣಿಯಿಂದ ಮೂರು ನುಡಿ ಬರೆದುಕೊಂಡಿದ್ದೇವೆ. ಚಿತ್ರಕಲೆಯ ಮಾಸ್ತರರು ಮೊದಲ ಪುಟದ ಚಿತ್ರವನ್ನು ಅಜ್ಜಿಗೆ ತೋರಿಸಲು ಹೋದಾಗ ನಾವೂ ಜತೆಗಿದ್ದೆವು. ಈ ಸಲ ಹಗ್ಗವಿತ್ತು, ಹೆಬ್ಬೆರಳೂ ಇತ್ತು. ಅಜ್ಜಿ ಬಹಳ ಹೊತ್ತು ನೋಡಿದರು. “ಎಡಗಾಲಿಗೆ ಕಟ್ರಿ. ಬಲಗಾಲ ಮಡಚಿ ಅದರ ಮ್ಯಾಲೆ ಮರ ಇಟ್ಕೊತೀವಿ” ಎಂದರು. ಮಾಸ್ತರರು ನೂಲನ್ನು ಬಿಚ್ಚಿ ಎಡಗಾಲಿಗೆ ಅಂಟಿಸುತ್ತಿದ್ದಾರೆ.

ಮನೆಯಲ್ಲಿ ಹಾಡು ಬಲ್ಲ ಹಿರಿಯರಿದ್ದವರು ಬರುವ ಭಾನುವಾರ ಸಂಜೆ ವಾಚನಾಲಯಕ್ಕೆ ಅವರನ್ನು ಕರೆದುಕೊಂಡು ಬರಬೇಕೆಂದು ಕೋರುತ್ತೇವೆ. ನಡೆಯಲಾರದವರಿದ್ದರೆ ತಿಳಿಸಿರಿ, ನಾವೇ ಬರುತ್ತೇವೆ. ಬಳಸಿ ಬಿಟ್ಟ ಸೀರೆಯ ತುಂಡುಗಳು, ಅದರಲ್ಲಿಯೂ ಕೆಂಪು ಬಣ್ಣದವು, ಇನ್ನೂ ಬೇಕಾಗಿವೆ.